ಬಂಗುಡೆಗೆ ತೆಲುಗು ಹೆಸರು

ಕರಾವಳಿಯವರಿಗೆ ಬಂಗುಡೆಯ ಪರಿಚಯ ಮಾಡಿಕೊಡಹೊರಡುವುದು ಕಡಲಿಗೆ ಉಪ್ಪು ಹೊತ್ತಂತೆ. ಘಟ್ಟದ ಮೇಲಣ ವಾಚಕರಿಗಾಗಿ ಮಾತ್ರ ಎರಡು ಮಾತು ಹೇಳಬಹುದು. ಗೇಣುದ್ದದ ಮೈ, ಬೆನ್ನಿನ ಮೇಲೆ ಹಸುರು ಬೆರೆತ ನೀಲಿ, ಹೊಟ್ಟೆಯ ಕಡೆ ಬೆಳ್ಳಿಯ ಹೊಳಪು. ಮಳೆಗಾಲ ಕಳೆಯುತ್ತಲೇ ಹಿಂಡುಹಿಂಡಾಗಿ ದಡದ ಬಳಿಗೆ ಬಂದು ಬಲೆಗೆ ಬೀಳುವ ಮೀನು ಅದು. ನಮ್ಮವರ ಬಂಗುಡೆ ಕೊಂಕಣಿಯವರಿಗೆ ಬಾಂಗಡೊ, ಮಲೆಯಾಳಿಗಳಿಗೆ ಅಯಿಲ. ಲೋಕದ ಕಡಲಜೀವಿಗಳ ದೊಡ್ಡ ದಾಖಲೆಯನ್ನು ತೆರೆದು ನೋಡಿದರೆ ಅದರ ಹೆಸರು 'ರಾಸ್ಟ್ರೆಲಿಗರ್ ಕನಗುರ್ತ' ಎಂದಿದೆ.

ಇದರಲ್ಲಿ ಮೊದಲನೆಯ ಪದ ಲ್ಯಾಟಿನ್ ಮೂಲದ್ದು. ಕುಂಟೆಯನ್ನು ಹೊತ್ತದ್ದು ಎಂದು ಅದರ ಅರ್ಥ. ಈ ಮೀನಿನ ಕಿವಿರುಗಳಲ್ಲಿ ಕುಂಟೆಯ ಹಲ್ಲುಗಳಂತೆ ನೀಳವಾದ ಎಳೆಗಳಿವೆ. ಬಾಯಿ ತೆರೆದರೆ ಅವು ಕಣ್ಣಿಗೆ ಕಾಣುತ್ತವೆ. ೧೯೦೮ರಲ್ಲಿ ಅಮೆರಿಕದ ವಿದ್ವಾಂಸರು ಇಟ್ಟ ಹೆಸರು ಅದು. ಎರಡನೆಯ ಪದವೂ ಲ್ಯಾಟಿನ್ನೋ ಗ್ರೀಕೋ ಇರಬೇಕೆಂದು ಯಾರಾದರೂ ಊಹಿಸಿದರೆ ತಪ್ಪಲ್ಲ. ಅಂಥ ಹೆಸರುಗಳ ರೂಢಿಯೇ ಹಾಗೆ. ಆದರೆ ಇದು ಅಪ್ಪಟ ತೆಲುಗು. ವಿಶಾಖಪಟ್ಟಣದ ಕಡಲತೀರದಲ್ಲಿ ಇನ್ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬೆಸ್ತರು ಆಡುತ್ತಿದ್ದ ಮಾತು. ಅದು ಪ್ಯಾರಿಸ್ಸಿನ ಪಂಡಿತನೊಬ್ಬನ ಗ್ರಂಥವನ್ನು ಹೊಕ್ಕು ಶಾಶ್ವತವಾಗಿ ನಿಂತುದು ಹೇಗೆ ಎಂಬುದು ಒಂದು ಮೀನಿನ ಕಥೆ ಮಾತ್ರವಲ್ಲ. ಕಡಲಿನ ಸಕಲ ಜೀವಿಗಳಿಗೂ ಒಂದು ನಾಮಕೋಶವನ್ನು ಕಟ್ಟಲು ಮನುಷ್ಯ ಪಟ್ಟ ಪಾಡಿನ ಕಥೆಯೂ ಅದರಲ್ಲಿ ಅಡಗಿದೆ.

ಪರ್ಯಾಯವೆಂಬ ಸಂಪತ್ತು

ನಮ್ಮ ಹಳೆಯ ಕೋಶಕಾರರಿಗೆ ಒಂದು ವಸ್ತುವಿಗೆ ಹತ್ತು ಹೆಸರು ಸಿಕ್ಕಿದರೆ ಹಬ್ಬ. ಮತ್ಸ್ಯ, ಝಷ, ಅಂಡಜ ಎಂದು ಅಮರಸಿಂಹ ಮೀನಿಗೆ ಪರ್ಯಾಯಗಳನ್ನು ಕೊಡುತ್ತಾನೆ. ಕವಿಗೆ ಇದರಿಂದ ಮಹೋಪಕಾರವುಂಟು: ಪ್ರಾಸಕ್ಕೆ ಒಂದು ಒದಗದಿದ್ದರೆ ಮತ್ತೊಂದು ಒದಗುತ್ತದೆ, ಮಾತ್ರೆಗೆ ಒಂದು ಹೆಚ್ಚಾದರೆ ಇನ್ನೊಂದು ಸರಿಹೋಗುತ್ತದೆ. ಪೌರಾಣಿಕರಂತೂ ತಿಮಿ ಎಂಬ ಮಹಾಮತ್ಸ್ಯ, ಅದನ್ನು ನುಂಗುವ ತಿಮಿಂಗಿಲ, ಅದನ್ನೂ ನುಂಗುವ ತಿಮಿಂಗಿಲಗಿಲ ಎಂದು ಹೆಸರಿನ ಬೆನ್ನಿಗೆ ಹೆಸರು ಕಟ್ಟಿ ಕಡಲನ್ನು ತುಂಬಿದರು.

ಕಣ್ಣಾರೆ ಕಂಡು ಬರೆದವರೂ ನಮ್ಮಲ್ಲಿ ಇಲ್ಲದಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಗಾಳ ಹಾಕುವ ರಾಜವಿನೋದವೇ ಅದರ ವಸ್ತು. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂಥ ಎರೆ ಹಿಡಿಸುತ್ತದೆ ಎಂದು ಅಲ್ಲಿ ವಿಂಗಡಿಸಿ ಹೇಳಿದೆ. ಭಾರತೀಯ ಮತ್ಸ್ಯಶಾಸ್ತ್ರದಲ್ಲಿ ದೊಡ್ಡ ಹೆಸರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ಅಭ್ಯಸಿಸಿ, ಅದರಲ್ಲಿನ ಹೆಸರುಗಳನ್ನು ಇಂದಿನ ಮೀನುಗಳೊಡನೆ ಹೊಂದಿಸಿ ನೋಡಿದರು. ಅವರು ಹಾಗೆ ಹೊಂದಿಸಬೇಕಾಗಿ ಬಂದುದೇ ಯೋಚಿಸತಕ್ಕ ವಿಷಯ. ಹೆಸರು ಉಳಿದು ಬಂದಿತ್ತು. ಅದು ಯಾವ ಮೀನಿನ ಹೆಸರೆಂಬುದನ್ನು ಎಂಟು ಶತಮಾನಗಳ ಮೇಲೆ ಹುಡುಕಬೇಕಾಗಿತ್ತು. ಹೆಸರಿನ ಜೊತೆಗೆ ಒಂದು ಚಿತ್ರವೋ, ಒಣಗಿಸಿದ ಒಂದು ಮೈಯೋ ಇರದಿದ್ದರೆ ಆಗುವ ಗತಿ ಇದು.

ಕಾಲುವೆಯಲ್ಲಿ ಮುಳುಗಿದ ಗೆಳೆಯ

ಯೂರೋಪಿನಲ್ಲಿಯೂ ಬಹುಕಾಲ ಇದೇ ಗೊಂದಲವಿತ್ತು. ಒಂದು ಮೀನಿನ ಹೆಸರೆಂದರೆ ಅಲ್ಲಿ ಒಂದು ಸಾಲಿನಷ್ಟುದ್ದದ ಲ್ಯಾಟಿನ್ ವರ್ಣನೆ. ಒಬ್ಬೊಬ್ಬ ಗ್ರಂಥಕಾರನದು ಒಂದೊಂದು ಬಗೆ. ಸ್ವೀಡನ್ನಿನ ಉಪ್ಸಾಲದಲ್ಲಿ ಓದುತ್ತಿದ್ದ ಇಬ್ಬರು ಬಡ ತರುಣರು ಈ ಕಾಡನ್ನು ಕಡಿಯಲು ಸಂಕಲ್ಪಿಸಿ ಪ್ರಕೃತಿಯನ್ನೇ ಪಾಲುಮಾಡಿಕೊಂಡರು. ಗಿಡಮರಗಳು ಬಹುಮಟ್ಟಿಗೆ ಕಾರ್ಲ್ ಲಿನೇಯಸ್‌ನ ಪಾಲು, ಮೀನುಗಳು ಪೀಟರ್ ಆರ್ಟೆಡಿಯ ಪಾಲು. ಇಬ್ಬರಲ್ಲಿ ಯಾರು ಮೊದಲು ಸತ್ತರೂ ಉಳಿದವನು ಗೆಳೆಯನ ಬರಹವನ್ನು ಪ್ರಕಟಿಸಬೇಕೆಂದು ಅವರಲ್ಲಿ ಮಾತಾಗಿತ್ತು.

ಆ ಮಾತಿಗೆ ಬೇಗನೆ ಪರೀಕ್ಷೆ ಬಂದಿತು. ೧೭೩೫ರಲ್ಲಿ ಆರ್ಟೆಡಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆಲ್ಬರ್ಟಸ್ ಸೇಬಾ ಎಂಬ ಸಿರಿವಂತ ಔಷಧವ್ಯಾಪಾರಿಯ ಸಂಗ್ರಹದಲ್ಲಿದ್ದ ಮೀನುಗಳನ್ನು ವರ್ಣಿಸುವ ಕೆಲಸದಲ್ಲಿದ್ದ. ಸೆಪ್ಟೆಂಬರ್ ೨೭ರ ರಾತ್ರಿ ಸೇಬಾನ ಮನೆಯ ಔತಣ ಮುಗಿಸಿ ಬಿಡಾರಕ್ಕೆ ಹಿಂದಿರುಗುವಾಗ ಕತ್ತಲಲ್ಲಿ ಕಾಲುವೆಗೆ ಬಿದ್ದು ತೀರಿಕೊಂಡ. ಆಗ ಅವನಿಗೆ ಮೂವತ್ತು ವರ್ಷ. ಬಾಡಿಗೆಯ ಬಾಕಿಗಾಗಿ ಮನೆಯೊಡೆಯ ಅವನ ಹಸ್ತಪ್ರತಿಗಳನ್ನು ತಡೆದಿಟ್ಟುಕೊಂಡಿದ್ದ. ಲಿನೇಯಸ್ ತನ್ನ ಆಶ್ರಯದಾತನಿಂದ ಹಣ ಕೊಡಿಸಿ ಅವನ್ನು ಬಿಡಿಸಿಕೊಂಡು, ೧೭೩೮ರಲ್ಲಿ ಗೆಳೆಯನ ಮತ್ಸ್ಯಶಾಸ್ತ್ರವನ್ನು ಅಚ್ಚು ಹಾಕಿಸಿದ.

ಅದಾದ ಇಪ್ಪತ್ತು ವರ್ಷಕ್ಕೆ, ೧೭೫೮ರಲ್ಲಿ, ಲಿನೇಯಸ್ ತನ್ನ 'ಪ್ರಕೃತಿ ವ್ಯವಸ್ಥೆ'ಯ ಹತ್ತನೆಯ ಮುದ್ರಣವನ್ನು ಹೊರತಂದು, ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಾಣಿಗಳಿಗೆ ಎರಡೇ ಪದಗಳ ಹೆಸರು ಕೊಟ್ಟ. ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಕುಲದೊಳಗಿನ ಜಾತಿಯ ಹೆಸರು. ಮುಂದಿನ ಶತಮಾನಗಳಲ್ಲಿ ಪ್ರಾಣಿಶಾಸ್ತ್ರಜ್ಞರು ಕೂಡಿ ಒಂದು ಕಟ್ಟಳೆ ಮಾಡಿಕೊಂಡರು: ೧೭೫೮ರ ಜನವರಿ ೧ಕ್ಕೆ ಹಿಂದಿನ ಹೆಸರುಗಳಿಗೆ ಮಾನ್ಯತೆಯಿಲ್ಲ, ಅದರ ಮೇಲೆ ಒಂದು ಜೀವಿಗೆ ಮೊದಲು ಪ್ರಕಟವಾದ ಹೆಸರು ಯಾವುದೋ ಸಾಮಾನ್ಯವಾಗಿ ಅದೇ ಊರ್ಜಿತ. ಕಟ್ಟಳೆ ಸರಿಯಾದದ್ದೇ, ಎಲ್ಲಿಯಾದರೂ ಒಂದು ಗಡಿ ಹಾಕಲೇಬೇಕಷ್ಟೆ. ಆದರೆ ಇದರ ಫಲವಾಗಿ, ಮೀನುಗಳ ವಿಂಗಡಣೆಗೆ ತಳಹದಿ ಹಾಕಿದ ಆರ್ಟೆಡಿಯ ಹೆಸರು ಇಂದು ಮೀನುಗಳ ಹೆಸರಿನ ಮುಂದೆ ಕಾಣಿಸುವುದಿಲ್ಲ. ಅವನು ಗಡಿಗಿಂತ ಇಪ್ಪತ್ತು ವರ್ಷ ಮೊದಲಿನವನು!

ಕಾಣೆಯ ಅರಬ್ಬಿ ನಂಟು

ಲಿನೇಯಸ್ ತನ್ನ ಶಿಷ್ಯರನ್ನು ದಿಕ್ಕುದಿಕ್ಕಿಗೆ ಅಟ್ಟಿದ. ಅವರಲ್ಲಿ ಪೀಟರ್ ಫೋರ್ಸ್‌ಕಲ್ ಎಂಬವನು ೧೭೬೧ರಲ್ಲಿ ಡೆನ್ಮಾರ್ಕಿನ ದೊರೆ ಅರಬಸ್ಥಾನಕ್ಕೆ ಕಳುಹಿದ ಪ್ರವಾಸಿ ತಂಡದಲ್ಲಿದ್ದ. ಅರಬ್ಬಿ ಬಲ್ಲವನು. ಕೆಂಪು ಸಮುದ್ರದ ದಡದಲ್ಲಿ ಮೀನುಗಳನ್ನು ಕೂಡಿಹಾಕಿ, ಅವುಗಳ ಅರ್ಧ ಮೈಯ ಚರ್ಮವನ್ನು ಒಣಗಿಸಿ, ಗಿಡದ ಎಲೆಯನ್ನು ಅಂಟಿಸುವಂತೆ ಕಾಗದಕ್ಕೆ ಅಂಟಿಸಿದ. ಅಲ್ಲಿಯ ಬೆಸ್ತರು ಏನೆಂದು ಕರೆಯುತ್ತಿದ್ದರೋ ಅದನ್ನೇ ಎಷ್ಟೋ ಮೀನುಗಳಿಗೆ ಜಾತಿಯ ಹೆಸರಾಗಿ ಇಟ್ಟ. ೧೭೬೩ರ ಜುಲೈ ತಿಂಗಳಲ್ಲಿ ಯೆಮೆನ್ ದೇಶದ ಯರೀಮ್ ಎಂಬ ಊರಿನಲ್ಲಿ ಮಲೇರಿಯ ಅವನನ್ನು ಕೊಂಡೊಯ್ದಿತು. ತಂಡದ ಒಬ್ಬ ಮೊದಲೇ ಮೋಕಾ ಬಂದರಿನಲ್ಲಿ ಸತ್ತಿದ್ದ. ಚಿತ್ರಕಾರನೂ ಪರಿಚಾರಕನೂ ಮುಂಬಯಿಗೆ ಬರುವ ಹಡಗಿನಲ್ಲಿ ಸತ್ತರು. ವೈದ್ಯ ಮುಂಬಯಿಯಲ್ಲಿ ಸತ್ತ. ಉಳಿದವನು ಭೂಮಾಪನದ ಕಾರ್ಸ್ಟೆನ್ ನೀಬೂರ್ ಒಬ್ಬನೇ. ಅವನು ೧೭೬೭ರಲ್ಲಿ ಕೋಪನ್‌ಹೇಗನ್ನಿಗೆ ಮುಟ್ಟಿ, ತನಗೆ ಪ್ರಾಣಿಶಾಸ್ತ್ರದ ಗಂಧವಿಲ್ಲದಿದ್ದರೂ ಗೆಳೆಯನ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ೧೭೭೫ರಲ್ಲಿ ಪ್ರಕಟಿಸಿದ. ಆ ಒಣಗಿದ ಮೀನುಗಳಲ್ಲಿ ಅನೇಕವು ಇಂದಿಗೂ ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿವೆ.

ಈ ಕಥೆಗೂ ನಮಗೂ ಏನು ನಂಟು ಎಂದರೆ, ಮಂಗಳೂರಿನವರು ಅಕ್ಕರೆಯಿಂದ ತಿನ್ನುವ ಕಾಣೆ ಮೀನಿನ ಶಾಸ್ತ್ರೀಯ ನಾಮ 'ಸಿಲ್ಲಾಗೊ ಸಿಹಾಮ'. ಕಾರವಾರದ ಕಡೆ ಇದನ್ನೇ ನೊಗಲಿ ಎನ್ನುತ್ತಾರೆ. 'ಸಿಹಾಮ' ಎಂಬುದು ಫೋರ್ಸ್‌ಕಲ್ ಕೆಂಪು ಸಮುದ್ರದ ತಡಿಯಲ್ಲಿ ಕೇಳಿ ಬರೆದುಕೊಂಡ ಅರಬ್ಬಿ ಮಾತು.

ರಸೆಲ್ ಕೇಳಿದ ಹೆಸರು

ಇನ್ನು ಬಂಗುಡೆಗೆ ಬರೋಣ. ಪ್ಯಾಟ್ರಿಕ್ ರಸೆಲ್ ಸ್ಕಾಟ್ಲೆಂಡಿನ ವೈದ್ಯ. ಅಲೆಪ್ಪೊ ನಗರದಲ್ಲಿ ಪ್ಲೇಗಿನ ನಡುವೆ ಇದ್ದು ಅದರ ಮೇಲೆ ಗ್ರಂಥ ಬರೆದವನು. ಐವತ್ತು ದಾಟಿದ ಮೇಲೆ, ೧೭೮೧ರಲ್ಲಿ, ಕಂಪನಿಯ ಅಧಿಕಾರಿಯಾಗಿದ್ದ ತಮ್ಮನ ಜೊತೆಗೆ ಭಾರತಕ್ಕೆ ಬಂದು ವಿಶಾಖಪಟ್ಟಣದಲ್ಲಿ ನೆಲಸಿದ. ೧೭೮೫ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರಕೃತಿಶಾಸ್ತ್ರಜ್ಞನಾಗಿ ನೇಮಕಗೊಂಡ. ಹಾವುಗಳ ಬಗ್ಗೆ ಅವನು ನಡೆಸಿದ ಅಧ್ಯಯನದಿಂದಾಗಿ ನಮ್ಮ ಕೊಳಕುಮಂಡಲದ ಶಾಸ್ತ್ರೀಯ ನಾಮಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಆದರೆ ಅವನು ಮೀನುಗಳನ್ನೂ ಬಿಟ್ಟವನಲ್ಲ. ಬಲೆಗಳಲ್ಲಿ ಬಂದ ಮೀನುಗಳನ್ನು ವರ್ಣಿಸಿ, ಚಿತ್ರಗಳನ್ನು ಸಿದ್ಧಪಡಿಸಿಕೊಂಡು ೧೭೮೯ರಲ್ಲಿ ಸ್ವದೇಶಕ್ಕೆ ಮರಳಿದ. ೧೮೦೩ರಲ್ಲಿ ಲಂಡನ್ನಿನಲ್ಲಿ ಇನ್ನೂರು ಮೀನುಗಳ ಆ ಗ್ರಂಥ ಎರಡು ಸಂಪುಟಗಳಾಗಿ ಹೊರಬಿದ್ದಿತು. ಎರಡು ವರ್ಷಕ್ಕೆ ರಸೆಲ್ ತೀರಿಕೊಂಡ.

ಲಿನೇಯಸ್‌ನ ಮಾದರಿಯಲ್ಲಿ ಹೊಸ ಹೆಸರುಗಳನ್ನು ಕಟ್ಟುವ ಬದಲು ರಸೆಲ್ ಸ್ಥಳೀಯ ಹೆಸರುಗಳನ್ನೇ ಗ್ರಂಥದಲ್ಲಿ ಕೊಟ್ಟಿದ್ದ. ಅಂಥದೊಂದು ಹೆಸರು ಕನಗುರ್ತ. ಪ್ಯಾರಿಸ್ಸಿನಲ್ಲಿ ಜಾರ್ಜ್ ಕ್ಯೂವಿಯೆ ತನ್ನ 'ಪ್ರಾಣಿಸಾಮ್ರಾಜ್ಯ'ವೆಂಬ ಗ್ರಂಥವನ್ನು ಸಿದ್ಧಗೊಳಿಸುವಾಗ ರಸೆಲ್ಲನ ಈ ಮೀನಿಗೆ 'ಸ್ಕಾಂಬರ್ ಕನಗುರ್ತ' ಎಂದು ವಿಧಿವತ್ತಾದ ಎರಡು ಪದಗಳ ಹೆಸರಿಟ್ಟ. ಆ ಪುಸ್ತಕದ ಮುಖಪುಟದಲ್ಲಿರುವ ವರ್ಷ ೧೮೧೭. ನಿಜವಾಗಿ ಅದು ಹೊರಬಂದುದು ೧೮೧೬ರ ಕೊನೆಯಲ್ಲಿ. ಆದ್ದರಿಂದ ದಾಖಲೆಯಲ್ಲಿ ಇಂದು 'ಕ್ಯೂವಿಯೆ, ೧೮೧೬' ಎಂದೇ ಬರೆಯುತ್ತಾರೆ, ಅದೂ ಕಂಸದೊಳಗೆ. ಹೆಸರಿಟ್ಟವನು ಹೇಳಿದ ಕುಲದಿಂದ ಮೀನನ್ನು ಬೇರೆ ಕುಲಕ್ಕೆ ವರ್ಗಾಯಿಸಿದ್ದಾರೆ ಎಂಬುದಕ್ಕೆ ಆ ಕಂಸ ಗುರುತು. ಕೆಲವೇ ತಿಂಗಳ ವ್ಯತ್ಯಾಸಕ್ಕೆ ಇಷ್ಟು ರಾದ್ಧಾಂತವೇಕೆ ಎನ್ನಬೇಡಿ. ಮೊದಲು ಬಂದ ಹೆಸರಿಗೆ ಪಟ್ಟವಾದ ಮೇಲೆ ಒಂದೊಂದು ವಾರವೂ ಸಾಕ್ಷಿಯ ಕಟ್ಟೆ ಹತ್ತಬೇಕಾಗುತ್ತದೆ.

ರಸೆಲ್ ವಿಶಾಖಪಟ್ಟಣದ ಬದಲು ಮಂಗಳೂರಿನಲ್ಲಿ ನೆಲಸಿದ್ದರೆ ಲೋಕದ ದಾಖಲೆಯಲ್ಲಿ ಇಂದು 'ಬಂಗುಡೆ' ಎಂಬ ಮಾತು ಇರುತ್ತಿತ್ತೋ ಏನೋ! ಅದು ಸಾಧ್ಯವಿರಲಿಲ್ಲ. ಆ ವರ್ಷಗಳಲ್ಲಿ ಮಂಗಳೂರು ಟಿಪ್ಪು ಸುಲ್ತಾನನ ಕೈಯಲ್ಲಿತ್ತು. ಕಂಪನಿಯ ನೌಕರ ಅಲ್ಲಿ ಕುಳಿತು ಮೀನು ಎಣಿಸುವ ಕಾಲವಾಗಿರಲಿಲ್ಲ. ಯಾವ ಬಂದರಿನಲ್ಲಿ ಯಾವ ಬಾವುಟ ಹಾರುತ್ತಿತ್ತು ಎಂಬುದರ ಮೇಲೆ ಮೀನಿನ ಹೆಸರೂ ನಿಂತಿತ್ತು.

ಹೆಸರಿನ ಹುಚ್ಚುಹೊಳೆ

ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲಿಗೆ ಹೋದ ಹಡಗಿನಲ್ಲೆಲ್ಲ ಒಬ್ಬ ಸಂಗ್ರಾಹಕ. ಕ್ಯೂವಿಯೆ ಮತ್ತು ಅವನ ಶಿಷ್ಯ ವಲೆನ್ಸಿಯೆನ್ ೧೮೨೮ರಿಂದ ೧೮೪೯ರ ವರೆಗೆ ಇಪ್ಪತ್ತೆರಡು ಸಂಪುಟಗಳಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಮೀನುಗಳನ್ನು ವರ್ಣಿಸಿದರು. ಗುರು ೧೮೩೨ರಲ್ಲಿ ಸತ್ತ, ಕೆಲಸ ನಿಲ್ಲಲಿಲ್ಲ. ನಮ್ಮ ಬೂತಾಯಿ, ಎಂದರೆ ತಾರ್ಲೆಗೆ, 'ಸಾರ್ಡಿನೆಲ್ಲ ಲಾಂಗಿಸೆಪ್ಸ್' ಎಂಬ ಹೆಸರು ಬಂದುದು ೧೮೪೭ರಲ್ಲಿ, ಈ ಗ್ರಂಥಮಾಲೆಯಲ್ಲಿಯೇ. ಅದು ನೀಳತಲೆಯದು ಎಂಬರ್ಥದ ಲ್ಯಾಟಿನ್ ಪದ. ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ೧೮೭೫ರಿಂದ ೧೮೭೮ರ ಅವಧಿಯಲ್ಲಿ 'ಭಾರತದ ಮೀನುಗಳು' ಎಂಬ ಮಹಾಗ್ರಂಥವನ್ನು ಪ್ರಕಟಿಸಿದ.

ಆದರೆ ಒಬ್ಬನು ಬರೆದುದು ಇನ್ನೊಬ್ಬನಿಗೆ ಮುಟ್ಟಲು ವರ್ಷಗಳು ಹಿಡಿಯುತ್ತಿದ್ದವು. ಗಂಡು ಒಂದು ಬಣ್ಣ, ಹೆಣ್ಣು ಇನ್ನೊಂದು ಬಣ್ಣವಾಗಿದ್ದರೆ ಎರಡು ಹೆಸರು. ಮರಿಗೆ ಒಂದು, ಬಲಿತದ್ದಕ್ಕೆ ಒಂದು. ಕೆಂಪು ಸಮುದ್ರದಲ್ಲಿ ಒಂದು, ಅಂಡಮಾನಿನಲ್ಲಿ ಒಂದು. ಕ್ಯೂವಿಯೆ ಹೆಸರಿಟ್ಟ ಬಂಗುಡೆಗೇ ೧೮೩೬ರಲ್ಲಿ ಜರ್ಮನಿಯ ರೂಪೆಲ್ ಕೆಂಪು ಸಮುದ್ರದ ಮೀನುಗಳನ್ನು ನೋಡಿ ಎರಡು ಹೊಸ ಹೆಸರು ಕೊಟ್ಟ. ೧೮೭೧ರಲ್ಲಿ ಡೇ ಅಂಡಮಾನಿನಿಂದ ಬಂದುದಕ್ಕೆ ಮತ್ತೊಂದು ಕೊಟ್ಟ. ಲಿನೇಯಸ್ ಮಹಾಶಯನೇ ಒಂದೇ ಗ್ರಂಥದಲ್ಲಿ ಕೊಬ್ಬುತಿಮಿಂಗಿಲದ ಕುಲದಲ್ಲಿ ನಾಲ್ಕು ಜಾತಿಗಳನ್ನು ಹೇಳಿದ್ದ. ಅವೆಲ್ಲ ಒಂದೇ ಎಂದು ಅನಂತರದವರು ತೀರ್ಮಾನಿಸಿದರು. ಅಟ್ಲಾಂಟಿಕ್ ದಡದ ಬಂಡೆಗಳಿಗೆ ಅಂಟಿಕೊಂಡಿರುವ ಒಂದು ಸಣ್ಣ ಬಸವನಹುಳುವಿನ ಕಥೆ ಇನ್ನೂ ವಿಚಿತ್ರ. ೧೭೯೨ರಲ್ಲಿ ಇಟಲಿಯ ಒಲಿವಿ ಅದಕ್ಕೆ ಹೆಸರಿಟ್ಟ. ಚಿಪ್ಪಿನ ಬಣ್ಣ, ಗೆರೆ, ಗಾತ್ರ ಒಂದೊಂದು ಬಂಡೆಯಲ್ಲಿ ಒಂದೊಂದು ಬಗೆಯಾಗಿದ್ದುದರಿಂದ ಮುಂದಿನ ಶೋಧಕರು ಮೋಸಹೋಗಿ ಅದಕ್ಕೆ ನೂರಕ್ಕೂ ಮಿಕ್ಕಿ ಹೆಸರುಗಳನ್ನು ಕಟ್ಟಿದರು. ವಿಷ್ಣುಸಹಸ್ರನಾಮದ ನಾಡಿನವರಾದ ನಮಗೂ ಇದು ಅತಿಯೆನಿಸದಿರದು.

ಪತ್ರಿಕೆಯ ವಾಚಕರು ಕೇಳಬೇಕಾದ ಸಂಗತಿ ಇನ್ನೊಂದಿದೆ. ಮೀನುಗಳಲ್ಲೆಲ್ಲ ಅತಿ ದೊಡ್ಡದಾದ ತಿಮಿಂಗಿಲ ಶಾರ್ಕಿಗೆ ಮೊದಲು ಹೆಸರು ಬಂದುದು ಒಂದು ವೃತ್ತಪತ್ರಿಕೆಯಲ್ಲಿ! ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ೧೮೨೮ರಲ್ಲಿ ಅಂಥದೊಂದು ಸಿಕ್ಕಿತು. ಸೈನ್ಯದ ವೈದ್ಯ ಆಂಡ್ರೂ ಸ್ಮಿತ್ ಅದನ್ನು ವರ್ಣಿಸಿ ಅಲ್ಲಿಯ ಪತ್ರಿಕೆಗೆ ಕೊಟ್ಟ. ಅರದಂಥ ಹಲ್ಲುಳ್ಳದ್ದು ಎಂಬ ಅರ್ಥದಲ್ಲಿ ಅವನು ಇಟ್ಟ ಹೆಸರು ಅಚ್ಚಿನಲ್ಲಿ 'ರಿನಿಯೊಡಾನ್' ಎಂದಾಯಿತು. ಮರುವರ್ಷ ಬೇರೆಡೆ 'ರಿಂಕೊಡಾನ್' ಎಂದಾಯಿತು. ಮೊಳೆ ಜೋಡಿಸುವವನ ಕೈತಪ್ಪು ಮೊದಲು ಬಂದುದಾದ್ದರಿಂದ ಅದಕ್ಕೇ ಪಟ್ಟವಾಗಬೇಕೇ ಎಂಬ ವಿವಾದ ನೂರೈವತ್ತು ವರ್ಷ ನಡೆಯಿತು. ೧೯೮೪ರಲ್ಲಿ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗ ತೀರ್ಪು ಕೊಟ್ಟು, ರೂಢಿಯಲ್ಲಿದ್ದ 'ರಿಂಕೊಡಾನ್' ರೂಪವನ್ನೇ ಉಳಿಸಿತು. ಕರಡು ತಿದ್ದುವವರು ಇದನ್ನು ನೆನಪಿನಲ್ಲಿಡಬಹುದು.

ಚೀಟಿಗಳ ತಪಸ್ಸು

ಇಷ್ಟು ಹೆಸರುಗಳ ಮೊದಲು ಯಾವುದು, ಕೊನೆ ಯಾವುದು ಎಂಬುದನ್ನು ಯಾರಾದರೂ ಗೊತ್ತುಮಾಡದ ಹೊರತು ಶಾಸ್ತ್ರ ಮುಂದುವರಿಯುವಂತಿರಲಿಲ್ಲ. ಚಾರ್ಲ್ಸ್ ಡೇವಿಸ್ ಶೆರ್ಬೋರ್ನ್ ಎಂಬ ಆಂಗ್ಲ ವಿದ್ವಾಂಸ ೧೮೯೦ರಲ್ಲಿ ಆ ಕೆಲಸಕ್ಕೆ ಕೈಹಾಕಿದ. ೧೭೫೮ರಿಂದ ೧೮೫೦ರ ವರೆಗೆ ಅಚ್ಚಾದ ಪ್ರತಿಯೊಂದು ಪುಸ್ತಕವನ್ನೂ ತಾನೇ ತೆರೆದು, ಪ್ರತಿಯೊಂದು ಪ್ರಾಣಿಯ ಹೆಸರನ್ನೂ ಚೀಟಿಯ ಮೇಲೆ ಬರೆದು, ಎಲ್ಲಿ, ಯಾವ ಪುಟದಲ್ಲಿ, ಯಾವಾಗ ಅದು ಪ್ರಕಟವಾಯಿತೆಂದು ಗುರುತಿಸಬೇಕು. ಲಂಡನ್ನಿನ ಪ್ರಕೃತಿ ವಸ್ತುಸಂಗ್ರಹಾಲಯದಲ್ಲಿ ಕುಳಿತು ಅವನು ನಲವತ್ತಮೂರು ವರ್ಷ ಇದನ್ನೇ ಮಾಡಿದ. ೧೯೦೨ರಲ್ಲಿ ಮೊದಲ ಭಾಗ ಹೊರಬಂದಿತು. ೧೯೩೩ರಲ್ಲಿ ಕೆಲಸ ಮುಗಿಯಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಪುಟ, ಸುಮಾರು ೪,೪೦,೦೦೦ ಹೆಸರು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳನ್ನು ಬಳಸುವ ನಮಗೆ ಚೀಟಿಗಳ ರಾಶಿಯ ಹಿಂದಿನ ಶ್ರಮವನ್ನು ಊಹಿಸುವುದು ಕಷ್ಟವಲ್ಲ. ಅಲ್ಲಿ ವಿದ್ವಾಂಸರ ಒಂದು ಮಂಡಲಿಯಾದರೂ ಇದ್ದಿತು, ಈತ ಒಬ್ಬಂಟಿ.

ಕಡಲಿನ ಜೀವಿಗಳಿಗೇ ಮೀಸಲಾದ ಲೋಕದಾಖಲೆ ತೀರ ಇತ್ತೀಚಿನದು. ೧೯೯೭ರಲ್ಲಿ ಯೂರೋಪಿನ ಕಡಲುಗಳ ಮಟ್ಟಿಗೆ ಇಂಥದೊಂದು ಪಟ್ಟಿ ಮೊದಲಾಯಿತು. ಅದು ಬೆಳೆದು ೨೦೦೮ರ ಹೊತ್ತಿಗೆ ಇಡೀ ಪ್ರಪಂಚದ ಕಡಲುಗಳ ದಾಖಲೆಯಾಯಿತು. ಬೆಲ್ಜಿಯಮ್ ದೇಶದ ಓಸ್ಟೆಂಡ್ ಬಂದರಿನಲ್ಲಿರುವ ಕಡಲ ಸಂಶೋಧನ ಸಂಸ್ಥೆ ಇದನ್ನು ಗಣಕದಲ್ಲಿರಿಸಿ ಕಾಯುತ್ತಿದೆ. ಇಂಗ್ಲಿಷಿನಲ್ಲಿ ಇದರ ಮೊದಲಕ್ಷರಗಳನ್ನು ಕೂಡಿಸಿದರೆ 'ವರ್ಮ್ಸ್', ಎಂದರೆ 'ಹುಳುಗಳು' ಎಂದಾಗುತ್ತದೆ. ಒಬ್ಬ ಸ್ಪಂಜುಗಳನ್ನು ಬಲ್ಲವನು, ಒಬ್ಬ ಏಡಿಗಳನ್ನು, ಒಬ್ಬ ಕಣ್ಣಿಗೆ ಕಾಣದ ಪಾಚಿಯನ್ನು. ಹೀಗೆ ಲೋಕದ ನಾನಾ ಕಡೆಯ ತಜ್ಞರು ನೂರಾರು ಮಂದಿ ತಂತಮ್ಮ ಪಾಲಿನ ಹೆಸರುಗಳನ್ನು ಶೋಧಿಸಿಕೊಡುತ್ತಾರೆ. ೨೦೧೨ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಅಲ್ಲಿಯ ವರೆಗೆ ವರ್ಣಿತವಾದ ಕಡಲಜೀವಿಗಳ ಜಾತಿಗಳು ಸುಮಾರು ೨,೨೬,೦೦೦. ಅವುಗಳ ಮೇಲೆ ಹೇರಿದ್ದ ಅಧಿಕ ಹೆಸರುಗಳು ಸುಮಾರು ೧,೭೦,೦೦೦. ಕಡಲಿನಲ್ಲಿ ಇರಬಹುದಾದ ಒಟ್ಟು ಜಾತಿಗಳು ಏಳರಿಂದ ಹತ್ತು ಲಕ್ಷವೆಂದು ಅವರ ಅಂದಾಜು. ಎಂದರೆ ಮುಕ್ಕಾಲುಪಾಲಿನಷ್ಟಕ್ಕೆ ಇನ್ನೂ ನಾಮಕರಣವೇ ಆಗಿಲ್ಲದಿರಬಹುದು.

ಕಿತ್ತೆಸೆಯದ ಹೆಸರು

ಒಂದೂ ಮುಕ್ಕಾಲು ಲಕ್ಷದಷ್ಟು ಹೆಸರುಗಳು ತಪ್ಪೆಂದು ಗೊತ್ತಾದ ಮೇಲೆ ಅವನ್ನು ಅಳಿಸಿಹಾಕಿದರಾಯಿತಷ್ಟೆ ಎಂದು ತೋರಬಹುದು. ದಾಖಲೆಗಾರರು ಹಾಗೆ ಮಾಡಿಲ್ಲ. ಸಲ್ಲದ ಹೆಸರಿಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಇಟ್ಟವನ ಹೆಸರು ವರ್ಷಗಳನ್ನು ಬರೆದು, 'ಇದರ ಬದಲು ಇಂಥದನ್ನು ನೋಡಿ' ಎಂದು ಕೈತೋರಿಸಿ ಇಟ್ಟುಕೊಂಡಿದ್ದಾರೆ. ಹಳೆಯ ಗ್ರಂಥದಲ್ಲಿ ಹಳೆಯ ಹೆಸರನ್ನು ಕಂಡವನಿಗೆ ದಾರಿ ತಪ್ಪಬಾರದೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವನ್ನು ಒಂದು ನಿಜಸಂಗತಿ ತೋರಿಸಿಕೊಟ್ಟಿದೆ.

ಬ್ರಿಟನ್ನಿನ ಸುತ್ತಣ ಕಡಲುಗಳಲ್ಲಿ ನಮ್ಮ ತೊರಕೆಗೆ ಬಂಧುವಾದ ಸ್ಕೇಟ್ ಎಂಬ ಚಪ್ಪಟೆಯ ಮೀನಿದೆ. ಹಿಂದೆ ಅದು ಎಲ್ಲೆಲ್ಲಿಯೂ ಸಿಗುತ್ತಿದ್ದುದರಿಂದ 'ಸಾಮಾನ್ಯ ಸ್ಕೇಟ್' ಎಂದೇ ಹೆಸರಾಗಿತ್ತು. ೧೮೩೭ರಲ್ಲಿ ಪಾರ್ನೆಲ್ ಎಂಬವನು ಸ್ಕಾಟ್ಲೆಂಡಿನ ಒಂದು ಬಗೆಯ ಸ್ಕೇಟ್‌ಗೆ 'ಇಂಟರ್ಮೀಡಿಯಸ್' ಎಂದು ಬೇರೆ ಹೆಸರಿಟ್ಟಿದ್ದ. ೧೯೨೬ರಲ್ಲಿ ಕ್ಲಾರ್ಕ್ ಎಂಬ ತಜ್ಞ, ಈ ಬೇರೆಬೇರೆ ಹೆಸರ ಸ್ಕೇಟ್‌ಗಳೆಲ್ಲ ಒಂದೇ ಜಾತಿಯೆಂದು ನಿರ್ಣಯಿಸಿದ. ಹೆಸರುಗಳ ಹೊರೆ ಕಡಿಮೆಯಾಯಿತೆಂದು ಎಲ್ಲರೂ ಒಪ್ಪಿದರು. ಎಂಬತ್ತಕ್ಕೂ ಹೆಚ್ಚು ವರ್ಷ ಮೀನುಗಾರಿಕೆಯ ಲೆಕ್ಕಗಳೆಲ್ಲ ಒಂದೇ ಹೆಸರಿನಲ್ಲಿ ನಡೆದವು. ೨೦೧೦ರಲ್ಲಿ ಫ್ರಾನ್ಸಿನ ಸಂಶೋಧಕರು ಅವುಗಳ ಮೈಕಟ್ಟನ್ನೂ ವಂಶವಾಹಿಗಳನ್ನೂ ಪರೀಕ್ಷಿಸಿ, ಅವು ನಿಜವಾಗಿಯೂ ಎರಡು ಜಾತಿಗಳೆಂದು ತೋರಿಸಿದರು. ಒಂದು ದೊಡ್ಡದು, ಎರಡು ಮೀಟರಿಗೂ ಮಿಕ್ಕಿ ಬೆಳೆಯುವುದು, ನಿಧಾನವಾಗಿ ಪ್ರಾಯಕ್ಕೆ ಬರುವುದು, ಇನ್ನೊಂದು ಚಿಕ್ಕದು. ದೊಡ್ಡದು ಬಲೆಗೆ ಸಿಕ್ಕಿ ಸಿಕ್ಕಿ ಕ್ಷೀಣಿಸುತ್ತಿದ್ದರೂ, ಎರಡನ್ನೂ ಒಂದೇ ಹೆಸರಿನಲ್ಲಿ ಎಣಿಸುತ್ತಿದ್ದ ಲೆಕ್ಕದಲ್ಲಿ ಆ ನಷ್ಟ ಮರೆಯಾಗಿತ್ತು.

ಹೆಸರು ಹೆಚ್ಚಾದರೆ ಗೊಂದಲ, ನಿಜ. ಹೆಸರು ಒಂದು ಕಡಿಮೆಯಾದುದರಿಂದ ಇಲ್ಲಿ ಒಂದು ಜೀವಜಾತಿಯೇ ಯಾರ ಕಣ್ಣಿಗೂ ಬೀಳದೆ ಅಳಿಯುವುದರಲ್ಲಿತ್ತು. ಈಗ ದೊಡ್ಡ ಸ್ಕೇಟ್‌ಗೆ ಹೆಸರು ಬೇಕಾದಾಗ ಹೊಸದನ್ನು ಹುಟ್ಟಿಸಬೇಕಾಗಲಿಲ್ಲ. ಪಾರ್ನೆಲ್ ಇಟ್ಟಿದ್ದ 'ಇಂಟರ್ಮೀಡಿಯಸ್' ಸಲ್ಲದ ಹೆಸರುಗಳ ಸಾಲಿನಲ್ಲಿ ಕಾದುಕೊಂಡಿತ್ತು. ಅದೇ ಮತ್ತೆ ಬಳಕೆಗೆ ಬಂದಿತು. ಸೋತವನ ವಾದವನ್ನೂ ಗ್ರಂಥದಲ್ಲಿ ಉಳಿಸಿ ಬರೆಯುವ ಪೂರ್ವಪಕ್ಷದ ಪದ್ಧತಿ ನಮ್ಮ ಶಾಸ್ತ್ರಕಾರರಲ್ಲಿಯೂ ಇತ್ತು. ಅದರ ಬೆಲೆ ಇಂಥಲ್ಲಿ ತಿಳಿಯುತ್ತದೆ.

ಇಷ್ಟು ಎಚ್ಚರದ ದಾಖಲೆಯಲ್ಲಿಯೂ ಒಂದು ಎಡೆ ಬರಿದಾಗಿದೆ. ಹೆಸರನ್ನು ಅಚ್ಚು ಹಾಕಿಸಿದವರ ಹೆಸರುಗಳೆಲ್ಲ ಅಲ್ಲಿವೆ, ಹೇಳಿಕೊಟ್ಟವರದಿಲ್ಲ. ಬಂಗುಡೆಯ ಮುಂದೆ ಕ್ಯೂವಿಯೆ ಇದ್ದಾನೆ. ಅವನು ಹೆಸರನ್ನು ತೆಗೆದುಕೊಂಡುದು ರಸೆಲ್ಲನ ಪುಸ್ತಕದಿಂದ. ರಸೆಲ್ ಅದನ್ನು ಕೇಳಿದುದು ಯಾವ ಬೆಸ್ತನ ಬಾಯಿಂದ, ಯಾವ ಮೀನುಮಾರುವ ಹೆಂಗಸಿನ ಬಾಯಿಂದ? ಅದು ಯಾವ ಚೀಟಿಯಲ್ಲಿಯೂ ಇಲ್ಲ, ಮುಂದೆ ಸಿಗುವಂತೆಯೂ ಇಲ್ಲ. ಕಟ್ಟಳೆ ಅಚ್ಚಾದುದನ್ನು ಮಾತ್ರ ನೋಡುತ್ತದೆ. ಅದರ ಮೇಲೆ ಕೋಪಿಸಿಕೊಂಡು ಫಲವಿಲ್ಲ.

ನಮ್ಮಿಂದ ಆಗಬಹುದಾದ ಒಂದು ಕೆಲಸ ಮಾತ್ರ ಉಳಿದಿದೆ. ಕಾರವಾರದಿಂದ ಉಳ್ಳಾಲದ ವರೆಗಿನ ತೀರದಲ್ಲಿ ಒಂದೇ ಮೀನಿಗೆ ಕನ್ನಡದಲ್ಲಿ ಒಂದು, ತುಳುವಿನಲ್ಲಿ ಒಂದು, ಕೊಂಕಣಿಯಲ್ಲಿ ಒಂದು ಮಾತಿದೆ. ಮರಿಗೆ, ಬಲಿತದ್ದಕ್ಕೆ, ಒಣಗಿಸಿದ್ದಕ್ಕೆ ಬೇರೆ ಬೇರೆ ಮಾತುಗಳಿದ್ದರೂ ಇರಬಹುದು. ದೇಶಭಾಷೆಗಳ ಹೆಸರುಗಳಿಗೂ ಲೋಕದಾಖಲೆಯಲ್ಲಿ ಎಡೆಯುಂಟು. ದೋಣಿಯ ಬೆಸ್ತರು ಕಡಿಮೆಯಾಗಿ, ಯಂತ್ರದೋಣಿಗಳು ಬಾಚಿ ತಂದುದನ್ನು ಪೆಟ್ಟಿಗೆಗೆ ಮಂಜುಗಡ್ಡೆ ತುಂಬಿ ಸಾಗಿಸುವ ಈ ಕಾಲದಲ್ಲಿ, ಆ ಮಾತುಗಳನ್ನು ಕೇಳಿ ಬರೆದಿಡುವವರು ಬೇಕು. ಮಾತಿನ ಜೊತೆಗೆ ಮೀನಿನ ಒಂದು ಚಿತ್ರವಿರಲಿ. ಇಲ್ಲವಾದರೆ ಸೋಮೇಶ್ವರನ ಮೀನುಗಳಿಗೆ ಆದುದೇ ಇವಕ್ಕೂ ಆದೀತು. ಹೇಳಿದವರ ಊರು, ಹೆಸರುಗಳನ್ನೂ ಕೆಳಗೆ ಬರೆದುಕೊಂಡರೆ, ರಸೆಲ್ ಮಹಾಶಯ ಮಾಡದೆ ಬಿಟ್ಟ ಒಂದು ಸಣ್ಣ ಕೆಲಸವನ್ನು ನಾವು ಮಾಡಿದಂತಾಗುತ್ತದೆ.